ತಲೆಕಟ್ಟು, ಗುಡಿಸು, ಕೊಂಬು

ಅವ್ವ ನನ್ನ ಸೂಟ್‌ಕೇಸಿನಲ್ಲಿ ತುಂಬಿದ್ದು ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಟಕ ರೊಟ್ಟಿ. ಆ ಗಂಟುಗಳ ಸಂದಿಯಲ್ಲಿ ಒಂದು ಅಂಕಲಿಪಿ ಹೇಗೆ ನುಸುಳಿತೋ ಗೊತ್ತಿಲ್ಲ. ಅಣ್ಣನ ಮಗಳದ್ದಿರಬೇಕು. ಮೊದಲ ಪುಟಕ್ಕೆ ಎಣ್ಣೆಯ ಕಲೆ, ಆನೆಯ ಮುಖಕ್ಕೆ ಪೆನ್ನಿನ ಮೀಸೆ. ಗದಗ ಹತ್ತಿರದ ನಮ್ಮೂರು ಅಸುಂಡಿ ಬಿಟ್ಟ ಆ ಮೀಸೆಯ ಆನೆ ನನ್ನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್ ಮುಟ್ಟಿತು. ವಿಮಾನ ನಿಲ್ದಾಣದಲ್ಲಿ ಚಟ್ನಿಯನ್ನು ಮೂಸಿ ನೋಡಿದರು, ಆನೆಯನ್ನು ಯಾರೂ ವಿಚಾರಿಸಲಿಲ್ಲ.

ಮೊದಲ ಚಳಿಗಾಲ ಹೇಗೆ ಕಳೆಯಿತೆಂದು ಈಗ ನೆನೆಯಲೂ ಬೇಸರ. ಸಂಜೆ ಐದಕ್ಕೆಲ್ಲ ಕತ್ತಲು, ಭಾನುವಾರ ಒಂದು ಅಂಗಡಿಯೂ ತೆರೆದಿರುವುದಿಲ್ಲ. ನಮ್ಮೂರ ಕಟ್ಟೆಯ ಮೇಲೆ ಅರ್ಧ ತಾಸು ಕೂತರೆ ಹತ್ತು ಮಂದಿ ‘ಊಟಾ ಆತೇನೋ’ ಎನ್ನುತ್ತಾರೆ. ಇಲ್ಲಿ ಹಾಗೆ ಕೇಳುವುದು ಸಭ್ಯತೆಯೇ ಅಲ್ಲವಂತೆ. ಹೀಗಿರುವಾಗ ಪಕ್ಕದ ಎಸ್ಲಿಂಗೆನ್ ಊರಿನ ಐದಾರು ಕನ್ನಡ ಮನೆಯವರು, ಶನಿವಾರ ಮಕ್ಕಳಿಗೆ ಅಕ್ಷರ ಕಲಿಸಲು ಬರುತ್ತೀರಾ ಎಂದರು. ಸಂಬಳವಿಲ್ಲ, ಚಹಾ ಉಂಟು. ಕನ್ನಡದ ಸೇವೆಗೆಂದು ಒಪ್ಪಿದೆ ಎಂದು ಬರೆದುಕೊಳ್ಳಬಹುದು. ಒಪ್ಪಿದ್ದು ಚಹಾಕ್ಕೆ.

ಜೊತೆಗೆ ಕಲಿಸುವವರು ಮೈಸೂರು ಕಡೆಯ ಒಬ್ಬ ತಾಯಿ. ಅವರು ಬಣ್ಣಬಣ್ಣದ ಅಕ್ಷರದ ಕಾರ್ಡು, ಅಂಟಿಸುವ ಚಿತ್ರ ಎಲ್ಲ ತಯಾರಿ ಮಾಡಿಕೊಂಡು ಬಂದಿದ್ದರು. ನಾನು ಗತ್ತಿನಿಂದ ‘ಪಾಟಿ ತಗೀರಿ’ ಅಂದೆ. ಏಳು ಮಕ್ಕಳೂ ಬಾಗಿಲ ಕಡೆ ನೋಡಿದವು, ಕೇಕ್ ಬರುತ್ತದೆಂದು. ಮೈಸೂರಿನವರು ‘ಸ್ಲೇಟು ಅನ್ನಿ ಸಾರ್’ ಎಂದು ತಿದ್ದಿದರು. ಕನ್ನಡದಲ್ಲಿ ಪಾಟಿಗೆ ಸ್ಲೇಟು ಅನ್ನಬೇಕಂತೆ! ಅಂದು ಶುರುವಾದ ನಮ್ಮ ಜಗಳ ನಾಲ್ಕು ವರ್ಷ ನಡೆಯಿತು. ಸಾಲಿಯೋ ಸ್ಕೂಲೋ, ಚಹಾವೋ ಟೀಯೋ, ತಾಸೋ ಗಂಟೆಯೋ. ಪರದೇಶದಲ್ಲಿ ನನಗೆ ಸಿಕ್ಕ ಮೊದಲ ಸ್ನೇಹ ಅದೇ. ಜಗಳವಾಡುವಷ್ಟು ಸಲಿಗೆ ಬೇರೆ ಯಾರ ಜೊತೆಯೂ ಇರಲಿಲ್ಲ.

ಮೂರನೆಯ ವಾರ ಕಾರ್ಡುಗಳು ಕಾಗುಣಿತದ ಹತ್ತಿರ ಬಂದು ನಿಂತವು. ಆಗ ಅಂಕಲಿಪಿ ಹೊರತೆಗೆದು ನಮ್ಮೂರ ಸಾಲಿಯ ಧಾಟಿಯಲ್ಲೇ ರಾಗ ಎಳೆದೆ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ. ಒಬ್ಬಳು ಹುಡುಗಿ ಕೈ ಎತ್ತಿ, ತಲೆಕಟ್ಟು ಎಂದರೇನು ಎಂದಳು. ಐದು ವರ್ಷದವನಿದ್ದಾಗಿಂದ ಅದನ್ನು ಬರೆದಿದ್ದೇನೆ, ಏನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಮಫ್ಲರನ್ನೇ ತಲೆಗೆ ಸುತ್ತಿಕೊಂಡು ಅಸುಂಡಿಯ ಅಜ್ಜನ ರುಮಾಲು ತೋರಿಸಿದೆ. ಮುಂದಿನ ವಾರ ಅವಳ ವಹಿಯಲ್ಲಿ ‘ಕ’ ರುಮಾಲು ಸುತ್ತಿಕೊಂಡಿತ್ತು, ‘ಕಿ’ ಗುಡಿಸಲೊಳಗೆ ಕೂತಿತ್ತು, ‘ಕು’ಗೆ ಎತ್ತಿನ ಕೊಂಬು ಬಂದಿತ್ತು. ನನ್ನ ಲಿಪಿಯನ್ನು ನಾನು ಕಣ್ಣುಬಿಟ್ಟು ನೋಡಿದ್ದು ಅಂದೇ.

ಈ ಅಂಕಲಿಪಿ ಎಂಬುದು ವಿಚಿತ್ರ ಪುಸ್ತಕ. ಅಂಕಿ, ಅಕ್ಷರ, ಮಗ್ಗಿ, ವಾರ, ತಿಂಗಳು, 27 ನಕ್ಷತ್ರ, 60 ಸಂವತ್ಸರ ಎಲ್ಲ ಅದರಲ್ಲೇ. ಹಳೆಯವುಗಳಲ್ಲಿ ಪಾವಕಿ, ನಿಮಕಿ, ಸವಾಯಕಿ ಎಂಬ ಕಾಲು, ಅರ್ಧ, ಒಂದೂಕಾಲರ ಮಗ್ಗಿಗಳೂ ಇರುತ್ತಿದ್ದವು. ಹೆಸರಿನಲ್ಲೇ ಮರಾಠಿ ಇಣುಕುತ್ತದೆ. ಮುಂಬಯಿ ಇಲಾಖೆಯ ಕಾಲದಲ್ಲಿ ಧಾರವಾಡ ಸೀಮೆಯ ಸಾಲಿಗಳಲ್ಲಿ ಮರಾಠಿಯದೇ ದರ್ಬಾರು. ಶಿಕ್ಷಣ ಖಾತೆಯ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡವನ್ನು ಒಳಗೆ ತಂದರು. ಮುಂದೆ ಈ ಪುಸ್ತಕಗಳನ್ನು ಅಚ್ಚುಹಾಕುವುದರಲ್ಲಿ ನಮ್ಮ ಗದಗ ಹೆಸರು ಮಾಡಿತು. ಸಂಕೇಶ್ವರ ಮನೆತನ ಲಾರಿಗೆ ಹೆಸರಾಗುವ ಮೊದಲು ಗದಗಿನಲ್ಲಿ ಪುಸ್ತಕದ್ದೇ ವ್ಯಾಪಾರ ಮಾಡುತ್ತಿತ್ತು. ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿ ಕೊಂಡು ಬೇರೆ ದಾರಿ ಹಿಡಿದದ್ದು ಆಮೇಲೆ. ಹಲಗೆ, ಬಳಪ ಮುಟ್ಟದೆಯೇ ಕಾವ್ಯ ಬರೆದೆನೆಂದು ಬೀಗಿದ ಕುಮಾರವ್ಯಾಸನೂ ಅದೇ ಗದಗಿನ ವೀರನಾರಾಯಣನ ಗುಡಿಯವನು. ನನ್ನ ಏಳು ಮಕ್ಕಳಿಗೆ ಈ ಸಂಗತಿ ಹೇಳಲಿಲ್ಲ. ಅವರೂ ಪಾಟಿ ಮುಟ್ಟುವುದಿಲ್ಲ ಎಂದುಬಿಟ್ಟರೆ ಕಷ್ಟ.

ಒಂದು ಶನಿವಾರ ಪಾಠ ಮುಗಿದ ಮೇಲೆ ಮೈಸೂರಿನವರು, ಮಂಗಳೂರಿನಲ್ಲಿ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಪಾದ್ರಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್ನಿನಲ್ಲಿ ಎಂದರು. ಚಹಾ ಆರಿಹೋಗುವ ತನಕ ಸುಮ್ಮನೆ ಕೂತೆ. ಆ ಪಾದ್ರಿ ಹೋದದ್ದು 1881ರಲ್ಲಿ; ಚನ್ನಬಸಪ್ಪನವರು ಹೋದದ್ದೂ ಅದೇ ವರ್ಷ. ಮೋಗ್ಲಿಂಗರ ಬಾಸೆಲ್ ಮಿಶನ್ 1841ರಲ್ಲಿ ಗದಗಿನ ಮಗ್ಗುಲಿನ ನಮ್ಮ ಬೆಟಗೇರಿಗೂ ಬಂದು ಠಾಣ್ಯ ಹೂಡಿತ್ತು. ಅವರು ಬಂದ ಉದ್ದೇಶ ಬೇರೆ, ಅದರ ಬಗ್ಗೆ ನನಗೆ ತಕರಾರೂ ಇದೆ. ಆದರೆ ಗಡ್ಡ ಬಂದ ಮೇಲೆ ‘ಳ’ ತಿದ್ದಲು ಕೂತ ಆ ಜರ್ಮನರ ನಾಲಿಗೆ ಎಷ್ಟು ಒದ್ದಾಡಿರಬೇಕು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು. ವಾರವಾರವೂ ಅದೇ ಒದ್ದಾಟವನ್ನು ಕೇಳುತ್ತಿದ್ದೆನಲ್ಲ: ‘ಮಳೆ’ ಹೋಗಿ ‘ಮಲೆ’, ‘ಹಳ್ಳಿ’ ಹೋಗಿ ‘ಹಲ್ಲಿ’.

ಇಂಥ ಸಾಲಿ ನಮ್ಮದೊಂದೇ ಅಲ್ಲ. ದುಬೈಯಲ್ಲಿ ‘ಕನ್ನಡ ಮಿತ್ರರು’ ಬಳಗ 2014ರಿಂದ ನಡೆಸುತ್ತಿರುವ ಪಾಠ ಶಾಲೆಯೂ ಪುಕ್ಕಟೆಯೇ; ಅಲ್ಲಿ ಮಕ್ಕಳನ್ನು ನೂರುಗಳ ಲೆಕ್ಕದಲ್ಲಿ ಎಣಿಸುತ್ತಾರೆ. ನಮ್ಮದು ಏಳು, ನೆಗಡಿ ಬಂದ ವಾರ ನಾಲ್ಕು. ಆ ನಾಲ್ಕರ ಸಲುವಾಗಿ ಶುಕ್ರವಾರ ರಾತ್ರಿ ಹನ್ನೊಂದರ ತನಕ ಕೂತು ಹಾಳೆ ಬರೆಯುತ್ತಿದ್ದೆ. ಆಫೀಸಿನ ಯಾವ ಕೆಲಸಕ್ಕೂ ಹಾಗೆ ಕೂತವನಲ್ಲ.

ನಕ್ಷತ್ರದ ಪುಟಕ್ಕೆ ಬಂದಾಗ, ನಮ್ಮೂರಲ್ಲಿ ಮಳೆಗೂ ಇವೇ ಹೆಸರು, ರೋಹಿಣಿ, ಮೃಗಶಿರಾ, ಆರಿದ್ರಾ ಎಂದೆ. ಜರ್ಮನಿಯಲ್ಲಿ ಗಾಳಿಮಳೆ ತರುವ ವಾಯುಭಾರ ಕುಸಿತಕ್ಕೆ ಮನುಷ್ಯರ ಹೆಸರಿಡುತ್ತಾರೆ, ದುಡ್ಡು ಕೊಟ್ಟರೆ ನಮ್ಮದೇ ಹೆಸರನ್ನೂ ಇಡಿಸಬಹುದು. ರುಮಾಲಿನ ಹುಡುಗಿ ಕೇಳಿದಳು: ‘ಅಸುಂಡಿ ಮಲೆಗೆ ನನ್ನ ಹೆಸರು ಇಡಕ್ಕೆ ಎಷ್ಟು ಯೂರೋ?’ ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಬರ್ಲಿ ಮೊದ್ಲ, ಆಮ್ಯಾಲ ಹೆಸರಿಡೂಣಂತ’ ಅಂದಳು. ಆ ವರ್ಷ ಎರೆಹೊಲದಲ್ಲಿ ಹೆಸರು ಬಿತ್ತಿ ಎಲ್ಲರೂ ಮುಗಿಲು ನೋಡುತ್ತಿದ್ದರು.

ಮೈಸೂರಿನವರು ಹೋದ ವರ್ಷ ಊರಿಗೆ ಮರಳಿದರು. ಹೊರಡುವ ದಿನ ಕಾರ್ಡಿನ ಪೆಟ್ಟಿಗೆಯನ್ನು ನನಗೇ ಬಿಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಪಾಟಿ ಇತ್ಯಾದಿ’ ಎಂದು ಬರೆದಿದ್ದರು.

ಈ ಸಲ ರಜೆಗೆ ಬಂದವನು ಗದಗಿಗೆ ಹೋಗಿ ಒಂದು ಡಜನ್ ಅಂಕಲಿಪಿ ಕೇಳಿದೆ. ಅಂಗಡಿಯವರು ಸುತಳಿ ಕಟ್ಟುತ್ತ, ‘ಯಾವೂರ ಸಾಲಿ ಮಾಸ್ತರ್ರೀ?’ ಎಂದರು.

‘ಎಸ್ಲಿಂಗೆನ್.’

ಅವರು ಗಂಟು ಬಿಗಿದು, ತಲೆ ಎತ್ತದೆ ಕೇಳಿದರು: ‘ಮುಳಗುಂದದ ಆಚೀಕ ಬರ್ತೈತೇನ್ರೀ?’

ಹೂಂ, ಆಚೀಕನ ಅಂದೆ.