ರೇಸಿಗೆ ಹೊರಟ ಮನೆಯ ಕಾರು

ನಿಮ್ಮ ಮನೆಯಲ್ಲಿ ಕಾರಿದೆಯೇ? ಇದ್ದರೆ ಅದರ ಟೈರುಗಳು ಯಾವ ವರ್ಷ ತಯಾರಾದವೆಂದು ನಿಮಗೆ ಗೊತ್ತೇ? ಕಾರು ಕೊಂಡ ದಿನ, ಕೊಟ್ಟ ಬೆಲೆ, ಮನೆಗೆ ಬಂದಾಗ ಹಂಚಿದ ಸಿಹಿ ಎಲ್ಲವೂ ನಮಗೆ ನೆನಪಿರುತ್ತದೆ. ಟೈರಿನ ವಯಸ್ಸು ಮಾತ್ರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. 2019ರಲ್ಲಿ ನಮ್ಮ ಮನೆಯ ಕಾರು ರೇಸಿಗೆ ಹೊರಡದೇ ಇದ್ದಿದ್ದರೆ ಇಂದಿಗೂ ಗೊತ್ತಾಗುತ್ತಿರಲಿಲ್ಲ.

ರೇಸು ಎಂದೊಡನೆ ಹುಬ್ಬೇರಿಸಬೇಡಿ. ನಮ್ಮದು ಕರಾವಳಿಯಿಂದ ಬಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ನೆಲೆಸಿದ ಸಾಮಾನ್ಯ ಕುಟುಂಬ. ಇಬ್ಬರು ಮಕ್ಕಳು, ಒಂದು ಹೋಂಡಾ ಅಕಾರ್ಡ್ ಕಾರು. ಶಾಲೆಗೂ ಅದೇ, ಆಫೀಸಿಗೂ ಅದೇ, ಅಕ್ಕಿ ತರಕಾರಿಗೂ ಅದೇ. ನನ್ನ ಪತಿಗೆ ಮೊದಲಿನಿಂದಲೂ ವೇಗದ ಹುಚ್ಚು. ಖಾಲಿ ರಸ್ತೆ ಕಂಡರೆ ಮುಗಿಯಿತು. ಪಕ್ಕದಲ್ಲಿ ಕುಳಿತ ನಾನು "ನಿಧಾನ, ನಿಧಾನ" ಎನ್ನುವುದು, ಅವರು ನಕ್ಕು ಸುಮ್ಮನಾಗುವುದು, ಇದು ನಮ್ಮ ದಾಂಪತ್ಯದಷ್ಟೇ ಹಳೆಯದು.

ಒಂದು ದಿನ ಊಟಕ್ಕೆ ಕುಳಿತಾಗ ವಿಷಯ ತೆಗೆದರು. ನೆವಾಡ ರಾಜ್ಯದಲ್ಲಿ 1988ರಲ್ಲಿ ಆರಂಭವಾದ 'ಸಿಲ್ವರ್ ಸ್ಟೇಟ್ ಕ್ಲಾಸಿಕ್ ಚಾಲೆಂಜ್' ಎಂಬ ಸ್ಪರ್ಧೆಯಿದೆ. ಲಂಡ್ ಎಂಬ ಪುಟ್ಟ ಊರಿನಿಂದ ಹೈಕೋ ಕಡೆಗೆ ಹೋಗುವ 318ನೇ ರಾಜ್ಯ ಹೆದ್ದಾರಿಯನ್ನು ಒಂದು ಬೆಳಿಗ್ಗೆ ಸಾರ್ವಜನಿಕರಿಗೆ ಮುಚ್ಚುತ್ತಾರೆ. ಆ 90 ಮೈಲಿ, ಅಂದರೆ ಸುಮಾರು 145 ಕಿಲೋಮೀಟರ್ ರಸ್ತೆಯಲ್ಲಿ ಒಂದೊಂದು ನಿಮಿಷದ ಅಂತರದಲ್ಲಿ ಕಾರುಗಳನ್ನು ಬಿಡುತ್ತಾರೆ. "ಮನೆಯ ಕಾರೇ ಸಾಕು, ನಾನೂ ಹೆಸರು ಕೊಡಲೇ?" ಎಂದರು.

ನಾನು ಒಂದು ವಾರ ಮಾತೇ ಆಡಲಿಲ್ಲ. ಆದರೆ ನಿಯಮ ಓದಿದಾಗ ನನಗೇ ಆಶ್ಚರ್ಯವಾಯಿತು. ಅಲ್ಲಿನ ಬಹುತೇಕ ವರ್ಗಗಳಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿದವನು ಗೆಲ್ಲುವುದಿಲ್ಲ. ಪ್ರತಿಯೊಬ್ಬನೂ ತನ್ನ ಸರಾಸರಿ ವೇಗವನ್ನು ಮೊದಲೇ ಆರಿಸಿಕೊಳ್ಳಬೇಕು. ಹೊಸಬರಿಗೆ ಕೆಳಗಿನ ವರ್ಗಗಳಷ್ಟೇ. ಗಂಟೆಗೆ 95 ಮೈಲಿಯ ವರ್ಗಕ್ಕೆ ಸೇರಿದರೆ 56 ನಿಮಿಷ 50.5 ಸೆಕೆಂಡಿಗೆ ಗುರಿ ಮುಟ್ಟಬೇಕು. ಬೇಗ ಹೋದರೂ ತಪ್ಪು, ತಡವಾದರೂ ತಪ್ಪು. ಇಂಥ ವರ್ಗಗಳಿಗೆ ಮೀರಬಾರದ ವೇಗದ ಮಿತಿಯೊಂದಿದೆ. ಮೀರಿದರೆ ಸ್ಪರ್ಧೆಯಿಂದಲೇ ಹೊರಗೆ. ಪಕ್ಕದಲ್ಲಿ ಕುಳಿತು ಸಮಯ ನೋಡುವ ಜೊತೆಗಾರರೂ ಇರಬಹುದು.

"ಹೋಗುವುದಾದರೆ ಗಡಿಯಾರ ಹಿಡಿದು ನಾನೇ ಪಕ್ಕದಲ್ಲಿ ಕೂರುತ್ತೇನೆ" ಎಂದೆ. ಮಕ್ಕಳನ್ನು ಅಪ್ಪ ಇಲ್ಲದವರನ್ನಾಗಿ ಮಾಡುವ ಭಯಕ್ಕಿಂತ ಅವರ ಜೊತೆಗಿರುವುದೇ ಲೇಸು ಎನಿಸಿತ್ತು. ಇಬ್ಬರೂ ಹೋದರೆ ಮಕ್ಕಳ ಗತಿಯೇನು ಎಂಬ ಯೋಚನೆ ಆಮೇಲೆ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಹುಶಃ ಅವರಿಗೂ ಬರಲಿಲ್ಲ. ಬೆಳಿಗ್ಗೆ ಎದ್ದವರೇ ಕಾರಿನ ತಪಾಸಣೆಗೆ ಕುಳಿತರು.

ಟೈರಿನ ಪಕ್ಕದಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ನಮ್ಮದರಲ್ಲಿ 2312 ಎಂದಿತ್ತು. ಅಂದರೆ 2012ರ 23ನೇ ವಾರ. ಏಳು ವರ್ಷದ ಟೈರು! ಮೇಲ್ಮೈ ಸವೆದಿರಲಿಲ್ಲ. ಆದರೆ ನೆವಾಡದ ಬಿಸಿಲಿಗೆ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು. ಗಾಳಿಯ ಒತ್ತಡ ನಾಲ್ಕರಲ್ಲೂ ಕಡಿಮೆ. ಗಾಳಿ ಕಡಿಮೆಯಾದರೆ ಟೈರು ಹೆಚ್ಚು ಮಡಚಿಕೊಂಡು ಬಿಸಿಯಾಗುತ್ತದೆ, ವೇಗದಲ್ಲಿ ಒಡೆಯುವುದು ಹಾಗೆಯೇ.

ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಮಗಳು ಕೇಳಿದಳು: "ಉಮ್ಮಾ, ಈ ಟೈರು ನಿಮ್ಮಿಬ್ಬರಿಗೆ ಆಗುವುದಿಲ್ಲ ಎಂದರೆ, ಇಷ್ಟು ದಿನ ನಮಗೆ ಹೇಗಾಯಿತು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಉತ್ತರವಿರಲಿಲ್ಲ. ಅದೇ ಟೈರುಗಳ ಮೇಲೆ ಆ ಬೇಸಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಲಾಸ್ ಏಂಜಲೀಸ್‌ಗೆ ಹೋಗಿ ಬಂದಿದ್ದೆವು.

ಮುಂದಿನ ಕೆಲಸಗಳೆಲ್ಲ ಆ ಪ್ರಶ್ನೆಯ ನೆರಳಿನಲ್ಲೇ ನಡೆದವು. ಗಂಟೆಗೆ 149 ಮೈಲಿವರೆಗೆ ತಾಳುವ 'ವಿ' ದರ್ಜೆಯ ಹೊಸ ಟೈರುಗಳು ಬಂದವು. ಬ್ರೇಕ್ ಆಯಿಲ್ ಬದಲಾಯಿತು. ಅದು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದಂತೆ. ತೇವ ಸೇರಿದರೆ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. 65 ಮೈಲಿಗಿಂತ 95 ಮೈಲಿ ವೇಗದಲ್ಲಿರುವ ಕಾರನ್ನು ನಿಲ್ಲಿಸಲು ಬ್ರೇಕು ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ನುಂಗಬೇಕು. ವೇಗ ಒಂದೂವರೆ ಪಟ್ಟಾದರೆ ಅಪಾಯವೂ ಒಂದೂವರೆ ಪಟ್ಟು ಎಂದುಕೊಂಡಿದ್ದ ನನ್ನ ಲೆಕ್ಕ ತಪ್ಪಾಗಿತ್ತು.

ಕಾರು ಖಾಲಿ ಮಾಡುವ ಕೆಲಸ ನನ್ನದು. ಸೀಟಿನಡಿಯಿಂದ ನೀರಿನ ಬಾಟಲಿ, ಆಟಿಕೆ, ಕೊಡೆ, ಚಿಲ್ಲರೆ ಹಣ, ಕಳೆದುಹೋಗಿದೆಯೆಂದು ಮಗನಿಗೆ ಬೈದಿದ್ದ ಪುಸ್ತಕ ಎಲ್ಲವೂ ಹೊರಬಂದವು. ಡಿಕ್ಕಿಯಾದಾಗ ಇವೇ ಕಲ್ಲಿನಂತೆ ಹಾರಿಬಂದು ಬಡಿಯುತ್ತವೆ. ಬಾಟಲಿ ಉರುಳಿ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡರಂತೂ ಹೇಳುವುದೇ ಬೇಡ. ಚಾಲಕನ ಕಾಲಡಿಯ ಮ್ಯಾಟನ್ನೂ ತೆಗೆದೆವು. ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಲ್ಲಿ ಲೋಹದ ಪಟ್ಟಿಯಿಂದ ಬಿಗಿದೆವು. ಹೆಲ್ಮೆಟ್‌ನಲ್ಲೂ ಬೆಂಕಿ ತಾಳುವ ಪರೀಕ್ಷೆ ಮುಗಿಸಿದ 'ಎಸ್‌ಎ' ಗುರುತಿನದ್ದನ್ನೇ ಕೊಂಡೆವು. ನೈಲಾನ್ ಬೆಂಕಿಗೆ ಕರಗಿ ಮೈಗೆ ಅಂಟುವುದರಿಂದ ನನ್ನ ತಲೆವಸ್ತ್ರಕ್ಕೂ ಮೆತ್ತನೆಯ ಹತ್ತಿ ಬಟ್ಟೆ ಆರಿಸಿದೆ. ಪಿನ್ನು ಮಾತ್ರ ಒಂದೂ ಇರಲಿಲ್ಲ.

ಮಕ್ಕಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಈಲಿ ಎಂಬ ಊರಿಗೆ ಹೋದೆವು. ಹೊಸಬರ ತರಗತಿಯಲ್ಲಿ ಕುಳಿತೆವು. ತಪಾಸಣೆಯ ಹಿರಿಯರೊಬ್ಬರು ಚಕ್ರ ಅಲ್ಲಾಡಿಸಿ, ಬ್ಯಾಟರಿ ಎಳೆದು, ಸೀಟ್ ಬೆಲ್ಟಿನ ಹೆಣಿಗೆಯನ್ನು ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದರು. ನಮ್ಮ ಹೊಸ ಟೈರುಗಳನ್ನು ನೋಡಿ ಅವರು ಸುಮ್ಮನೆ ಮುಂದೆ ಹೋದಾಗ ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಸ್ಪರ್ಧೆಯ ಬೆಳಿಗ್ಗೆ ಧ್ವಜ ಇಳಿಯಿತು. ಎರಡೂ ಬದಿಗೆ ಬಯಲು, ದೂರದಲ್ಲಿ ಗುಡ್ಡಗಳು, ಎದುರಿಗೆ ಒಂದು ವಾಹನವೂ ಇಲ್ಲ. ನನ್ನ ಕಣ್ಣು ಮೈಲಿಗುರುತಿನ ಮೇಲೆ ಮತ್ತು ಗಡಿಯಾರದ ಮೇಲೆ. ಒಂದು ಮೈಲಿಗೆ ಸುಮಾರು 38 ಸೆಕೆಂಡು. ಇಪ್ಪತ್ತನೆಯ ಮೈಲಿ ದಾಟುವಾಗ ಲೆಕ್ಕಕ್ಕಿಂತ ಮುಂದಿದ್ದೆವು. "ನಿಧಾನ" ಎಂದೆ. ಕಾರು ನಿಧಾನವಾಯಿತು! ಮದುವೆಯಾದಂದಿನಿಂದ ಆ ಮಾತನ್ನು ಅವರು ನಗದೇ ಕೇಳಿದ್ದು ಅದೇ ಮೊದಲು. ಗುಡ್ಡಗಳ ನಡುವೆ ರಸ್ತೆ ತಿರುಗುವ 'ನ್ಯಾರೋಸ್' ಬಂದಾಗ ನಾನು ಹೇಳುವ ಮೊದಲೇ ವೇಗ ತಗ್ಗಿಸಿದರು. ಅಲ್ಲಿ ಕಳೆದ ಸಮಯವನ್ನು ಪೂರ್ತಿ ಹಿಂದೆ ಪಡೆಯಲಾಗದೆ 14 ಸೆಕೆಂಡು ತಡವಾಗಿ ಮುಟ್ಟಿದೆವು. ಬಹುಮಾನ ಬರಲಿಲ್ಲ. ಇಬ್ಬರ ಕೈಯೂ ನಡುಗುತ್ತಿತ್ತು. ಅಲ್ಲಿಂದ ಲಾಸ್ ವೇಗಸ್‌ವರೆಗೆ ರಸ್ತೆಯ ಮಿತಿ ಎಷ್ಟೋ ಅಷ್ಟೇ ವೇಗದಲ್ಲಿ ಮನೆಗೆ ಬಂದೆವು.

ಇದನ್ನು ಓದಿದ ಯಾರೂ ನಮ್ಮೂರಿನ ಹೆದ್ದಾರಿಯಲ್ಲಿ ಶೌರ್ಯ ತೋರಿಸಲು ಹೊರಡಬಾರದು. ರಸ್ತೆ ಮುಚ್ಚಿ, ಆಂಬುಲೆನ್ಸ್ ನಿಲ್ಲಿಸಿ ನಡೆಸಿದ ಇಂಥ ಸ್ಪರ್ಧೆಗಳಲ್ಲೂ ಪ್ರಾಣ ಹೋಗಿದೆ. ನಾವೂ ಮತ್ತೆ ಹೋಗಲಿಲ್ಲ. ನಾನು ಹೇಳಲು ಹೊರಟದ್ದು ಬೇರೆ. ಒಂದು ಗಂಟೆಯೂ ಇಲ್ಲದ ಓಟಕ್ಕಾಗಿ ನಾವು ಎರಡು ತಿಂಗಳು ಕಾರನ್ನು ತಿಕ್ಕಿ ತಟ್ಟಿ ನೋಡಿದೆವು. ಆದರೆ ಎದುರಿನಿಂದ ಲಾರಿ ಬರುವ, ಅಡ್ಡದಾರಿಯಿಂದ ಸೈಕಲ್ ನುಗ್ಗುವ ದಿನನಿತ್ಯದ ರಸ್ತೆಗೆ ಮಕ್ಕಳನ್ನು ಕರೆದೊಯ್ಯುವಾಗ ಐದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಕಾರು ಬಿಸಿಯಾಗುವ ಮೊದಲು, ಮಗಳು ಟೈರಿನ ಒತ್ತಡ ಅಳೆಯುತ್ತಾಳೆ. ಮಗ ಸೀಟಿನಡಿ ತಡಕಾಡುತ್ತಾನೆ. ಪತಿ ಬ್ರೇಕ್ ಆಯಿಲಿನ ಡಬ್ಬಿ ನೋಡುತ್ತಾರೆ. ನೀವೂ ಈ ಪತ್ರಿಕೆಯನ್ನು ಬದಿಗಿಟ್ಟ ಮೇಲೆ ಒಮ್ಮೆ ಅಂಗಳಕ್ಕೆ ಹೋಗಿ, ಟೈರಿನ ಮೇಲಿನ ಆ ನಾಲ್ಕು ಅಂಕಿಗಳನ್ನು ಓದಿ ಬನ್ನಿ. ನಮ್ಮ ಮಗಳು ಕೇಳಿದ ಪ್ರಶ್ನೆಯನ್ನು ನಿಮ್ಮ ಮಕ್ಕಳು ಕೇಳುವ ಮೊದಲು.