ಒಂದು ಸಾಲಿಗೆ ಒಂದು ಕೆಲಸ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೈಲಿದೆ. ಹೆಸರು ಟುಡು, ಮುಂದೆ ಡಾಟ್ ಟಿಎಕ್ಸ್‌ಟಿ. ನೋಟ್‌ಪ್ಯಾಡಲ್ಲೂ ತೆರೆಯುತ್ತೆ, ಲ್ಯಾಬಿನ ಹಳೇ ಸಿಸ್ಟಮ್‌ಗಳಲ್ಲೂ ತೆರೆಯುತ್ತೆ. ಇವತ್ತಿಗೆ ಅದರಲ್ಲಿ 41 ಸಾಲು ಇವೆ. ಪ್ರಾಜೆಕ್ಟ್ ರಿಪೋರ್ಟಿನ ಮೂರನೇ ಚಾಪ್ಟರು, ಲೈಬ್ರರಿಗೆ ವಾಪಸ್ ಕೊಡಬೇಕಾದ ಪುಸ್ತಕ, ಪ್ಲೇಸ್‌ಮೆಂಟ್ ಸೆಲ್ಲಿಗೆ ಕೊಡಬೇಕಾದ ಮಾರ್ಕ್ಸ್ ಕಾರ್ಡ್ ಝೆರಾಕ್ಸು, ರೂಮ್‌ಮೇಟಿಗೆ ಕೊಡಬೇಕಾದ 350 ರೂಪಾಯಿ, ಎಲ್ಲ ಒಂದರ ಕೆಳಗೊಂದು ನಿಂತಿವೆ. ನೋಡಿದೋರೆಲ್ಲ ಮೊದಲು ಕೇಳೋದು ಒಂದೇ: "ಮಗಾ, ಇದಕ್ಕೆ ಒಂದು ಆ್ಯಪ್ ಇಲ್ವೇನೋ?"

ಇದೆ. ಬೇಕಾದಷ್ಟಿವೆ. ಮೊದಲ ವರ್ಷ ಒಂದರಲ್ಲೇ ನಾನು ಆರು ಆ್ಯಪ್ ಹಾಕಿ ತೆಗೆದಿದ್ದೆ. ಒಂದರಲ್ಲಿ ಕೆಲಸ ಮುಗಿಸಿದರೆ ಗಿಡ ಬೆಳೀತಿತ್ತು. ಇನ್ನೊಂದರಲ್ಲಿ ಕಾರ್ಡುಗಳನ್ನ ಎಡದಿಂದ ಬಲಕ್ಕೆ ಎಳೀಬೇಕಿತ್ತು. ಮತ್ತೊಂದರಲ್ಲಿ ಬಣ್ಣ ಬಣ್ಣದ ಟೆಂಪ್ಲೇಟುಗಳು, ಅವುಗಳನ್ನ ಜೋಡಿಸೋಕೇ ಒಂದು ಭಾನುವಾರ ಪೂರ್ತಿ ಹೋಯ್ತು. ಹೊಸ ಆ್ಯಪ್ ಹಾಕಿದ ದಿನ ಬಹಳ ಶಿಸ್ತಿನ ಮನುಷ್ಯ ಆಗಿಬಿಟ್ಟೆ ಅನ್ನಿಸುತ್ತೆ. ಹದಿನೈದು ದಿನಕ್ಕೆ ಆ ಅಮಲು ಇಳಿಯುತ್ತೆ. ಆಮೇಲೆ ಇನ್ನೊಂದು ಆ್ಯಪ್.

ಈ ಚಟಕ್ಕೆ ನಾನು ಕೊಟ್ಟ ಬೆಲೆ ಏನು ಅಂತ ಇಲ್ಲಿವರೆಗೂ ಕ್ಯಾಂಪಸಲ್ಲಿ ಯಾರಿಗೂ ಹೇಳಿಲ್ಲ.

2023ರ ಜುಲೈ ಕೊನೆ. ಎರಡನೇ ಸೆಮ್. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಒಂದಷ್ಟು ತೆಂಗು, ಮಿಕ್ಕಿದ್ದು ಮಳೆ ನಂಬಿಕೊಂಡ ರಾಗಿ ಹೊಲ. ಬೆಳೆ ವಿಮೆ ಕಟ್ಟೋಕೆ ಆಗಸ್ಟ್ ಮಧ್ಯದವರೆಗೆ ಟೈಮ್ ಇತ್ತು. ಮುಂಗಾರಿನ ಆಹಾರ ಬೆಳೆಗಾದರೆ ರೈತ ಕಟ್ಟೋದು ವಿಮೆ ಮೊತ್ತದ ಶೇ. 2 ಮಾತ್ರ, ದೊಡ್ಡ ದುಡ್ಡೇನೂ ಅಲ್ಲ. ಪ್ರತಿ ವರ್ಷ ಅಪ್ಪ ಒಂದು ದಿನ ಕೆಲಸ ಬಿಟ್ಟು, ಪಹಣಿ, ಪಾಸ್‌ಬುಕ್ಕು, ಆಧಾರ್ ಹಿಡಕೊಂಡು ಹೋಗಿ ಕಟ್ಟಿ ಬರೋರು. ಆ ಸಲ ನಾನು ಊರಿಗೆ ಹೋಗಿದ್ದಾಗ, "ಮುಂದಿನ್ ಭಾನ್ವಾರ ಬರ್ತೀನಲ್ಲ, ಸೋಮ್ವಾರ ಬೆಳಿಗ್ಗೆ ನಾನೇ ಕಟ್ಟಿ ಹೋಗ್ತೀನಿ ಬಿಡಪ್ಪ" ಅಂದೆ. ಇಂಜಿನಿಯರಿಂಗ್ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಮನೆಗೆ ಏನಾದರೂ ಉಪಯೋಗಕ್ಕೆ ಬರಬೇಕು ಅನ್ನೋ ಆಸೆ.

ನಮ್ಮನೆ ಅಡುಗೆಕೋಣೆ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಕಿರುತ್ತೆ. ಗ್ಯಾಸ್ ಬುಕ್ ಮಾಡಿದ್ದು, ಹಸುವಿಗೆ ಇಂಜೆಕ್ಷನ್ ಹಾಕ್ಸಿದ್ದು, ಡೇರಿ ಬಟವಾಡೆ, ಸಂಘದ ಕಂತು, ಎಲ್ಲ ಆ ಚೌಕಗಳ ಒಳಗೇ ಇರುತ್ತೆ. ಮುಗಿದಿದ್ದಕ್ಕೆ ಅಮ್ಮ ಒಂದು ಗೀಟು ಹಾಕ್ತಾರೆ. ವಿಮೆ ವಿಷಯ ಬರೆಯೋಕೆ ಅಪ್ಪ ಜೇಬಿಂದ ಪೆನ್ ತೆಗೆದರು. ನಾನು ತಡೆದೆ. "ಅದೆಲ್ಲ ಯಾಕಪ್ಪ, ನನ್ ಫೋನಲ್ಲಿ ಹಾಕ್ಕೊಂಡಿದೀನಿ, ಅದೇ ನೆನಪ್ ಮಾಡುತ್ತೆ." ಅಪ್ಪ ಪೆನ್ ಕ್ಯಾಪ್ ಮುಚ್ಚಿ ವಾಪಸ್ ಜೇಬಿಗೆ ಇಟ್ಟರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ, ಇಂಟರ್ನಲ್ಸ್ ಇತ್ತು. ಅದೇ ವಾರ ಯಾರೋ ಹೇಳಿದರು ಅಂತ ಹೊಸ ಆ್ಯಪಿಗೆ ಹಾರಿದೆ. ಕಾಲೇಜಿನ ಲಿಸ್ಟ್ ಮಾತ್ರ ಹೊಸದಕ್ಕೆ ತುಂಬಿಕೊಂಡೆ, 'ಮನೆ' ಅನ್ನೋ ಲಿಸ್ಟು ಹಳೇದರಲ್ಲೇ ಉಳೀತು. ಹಳೇದನ್ನ ಅನ್‌ಇನ್‌ಸ್ಟಾಲ್ ಮಾಡಿದೆ. ನೆನಪಾದಾಗ ಆಗಸ್ಟ್ ಇಪ್ಪತ್ತು ದಾಟಿತ್ತು.

ಆ ಆಗಸ್ಟ್ ಹೇಗಿತ್ತು ಅಂತ ಹಳ್ಳಿ ಕಡೆಯೋರಿಗೆ ಹೇಳಬೇಕಿಲ್ಲ. 1901ರಿಂದ ಲೆಕ್ಕ ಇಟ್ಟಿರೋದರಲ್ಲಿ ದೇಶಕ್ಕೇ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಮ್ಮ ರಾಗಿ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ಒಣಗಿತು, ಹಸುವಿಗೆ ಮೇವಾಯ್ತು ಅಷ್ಟೇ. ಪಕ್ಕದ ಹೊಲದವರಿಗೆ ಆಮೇಲೆ ವಿಮೆ ದುಡ್ಡು ಬಂತು. ಅಪ್ಪ ಫೋನ್ ಮಾಡಿ ಕೇಳಿದಾಗ ನಾನು ಹೇಳಿದ್ದು: "ಅವತ್ತು ಸರ್ವರ್ ಡೌನ್ ಇತ್ತಪ್ಪ, ಆಗ್ಲೇ ಇಲ್ಲ." ಕಂಪ್ಯೂಟರ್ ಸೈನ್ಸ್ ಓದೋನ ಬಾಯಲ್ಲಿ ಇಂಥ ಸುಳ್ಳು ಎಷ್ಟು ಸಲೀಸಾಗಿ ಬರುತ್ತೆ ನೋಡಿ.

ಪ್ಲೇನ್ ಟೆಕ್ಸ್ಟಿನ ದಾರಿ ತೋರಿಸಿದ್ದು ಲ್ಯಾಬಲ್ಲಿ ಸಿಕ್ಕ ಒಬ್ಬ ಸೀನಿಯರ್. 2024ರ ಜನವರಿ. ಅವರ ಟರ್ಮಿನಲಲ್ಲಿ ಬರೀ ಸಾಲುಗಳು ಕಾಣಿಸ್ತಿದ್ದವು. "ಏನಣ್ಣ ಇದು, ಲಾಗ್ ಫೈಲಾ?" ಅಂದೆ. "ನನ್ ಜೀವನ ಕಣೋ" ಅಂದು ನಕ್ಕರು. ಟುಡು ಟಿಎಕ್ಸ್‌ಟಿ ಅನ್ನೋ ಈ ಪದ್ಧತಿಯನ್ನ 2006ರಲ್ಲಿ ಶುರು ಮಾಡಿದ್ದು ಜೀನಾ ಟ್ರಪಾನಿ. ನಿಯಮಗಳು ಒಂದು ಅಂಗೈ ಮೇಲೆ ಬರಕೊಳ್ಳುವಷ್ಟೇ. ಒಂದು ಸಾಲಿಗೆ ಒಂದು ಕೆಲಸ. ಅರ್ಜೆಂಟ್ ಇದ್ದರೆ ಸಾಲಿನ ಮೊದಲಿಗೆ ಬ್ರಾಕೆಟ್ ಒಳಗೆ ಇಂಗ್ಲಿಷಿನ ದೊಡ್ಡ ಎ, ಅದಕ್ಕಿಂತ ಕಡಿಮೆಗೆ ಬಿ, ಸಿ. ಯಾವ ಪ್ರಾಜೆಕ್ಟಿಗೆ ಸೇರಿದ್ದು ಅನ್ನೋಕೆ ಪ್ಲಸ್ ಗುರುತು, ಎಲ್ಲಿ ಮಾಡೋದು ಅನ್ನೋಕೆ ಅಟ್ ಗುರುತು. ಕೆಲಸ ಮುಗಿದರೆ ಸಾಲಿನ ಮುಂದೆ ಒಂದು ಚಿಕ್ಕ ಎಕ್ಸ್. ಗಡುವು ಬೇಕಂದರೆ ಒಂದು ಪದ, ಕೋಲನ್, ತಾರೀಖು. ನನ್ನ ಫೈಲಿನ ಒಂದು ಸಾಲು ಹೀಗಿರುತ್ತೆ:

2024-07-02 ಪಹಣಿ ತೆಗೆಸಿ ವಿಮೆ ಕಟ್ಟು +ಮನೆ @ಊರು ಗಡುವು:2024-07-28

ತಾರೀಖನ್ನ ವರ್ಷ, ತಿಂಗಳು, ದಿನ ಅಂತ ಬರೆಯೋದು ಸ್ಟೈಲಿಗಲ್ಲ. ಹಾಗೆ ಬರೆದರೆ ಅಕ್ಷರದ ಪ್ರಕಾರ ಸಾರ್ಟ್ ಮಾಡಿದರೂ ಕಾಲದ ಪ್ರಕಾರವೇ ಜೋಡಣೆ ಆಗುತ್ತೆ. ದಿನ ಮೊದಲು ಬರೆದರೆ ಡಿಸೆಂಬರ್ ಒಂದು ಜನವರಿ ಎರಡಕ್ಕಿಂತ ಮುಂದೆ ಬಂದು ಕೂರುತ್ತೆ. ಊರಿಗೆ ಹೊರಡೋ ಮುಂಚೆ ಗ್ರೆಪ್ ಕಮಾಂಡಿಗೆ @ಊರು ಅಂತ ಕೊಡ್ತೀನಿ, ಅಲ್ಲಿ ಮಾಡಬೇಕಾದ್ದಷ್ಟೇ ಬರುತ್ತೆ. ಬಸ್ಸಲ್ಲಿ ಫೋನಿಂದ ಸೇರಿಸೋಕೆ ಮಾರ್ಕೋರ್ ಅನ್ನೋ ಎಡಿಟರ್ ಇದೆ. ಲ್ಯಾಪ್‌ಟಾಪಿಗೂ ಫೋನಿಗೂ ನಡುವೆ ಫೈಲ್ ಓಡಾಡಿಸೋಕೆ ಸಿಂಕ್‌ಥಿಂಗ್. ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಅದು 'ಕಾನ್‌ಫ್ಲಿಕ್ಟ್' ಅಂತ ಇನ್ನೊಂದು ಫೈಲ್ ಮಾಡಿಡುತ್ತೆ, ಆಗ ಕೂತು ಎರಡನ್ನೂ ನಾವೇ ಸೇರಿಸಬೇಕು. ತಲೆನೋವೇ. ಆದರೆ ಸಾಲು ಮಾಯ ಆಗಲ್ಲ.

ಕನ್ನಡದಲ್ಲಿ ಬರೆಯೋಕೆ ಹೋದಾಗ ಬೇರೆ ಮಜಾ ಶುರುವಾಯ್ತು. ಇದನ್ನ ಯಾವ ಇಂಗ್ಲಿಷ್ ಟ್ಯುಟೋರಿಯಲ್ಲೂ ಹೇಳಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. 'ಹಾಸ್ಟೆಲ್' ಅಂತ ಹುಡುಕಿದೆ. 'ಹಾಸ್ಟೆಲಿಗೆ ಫೀಸ್ ಕಟ್ಟು' ಅನ್ನೋ ಸಾಲು ಸಿಗಲೇ ಇಲ್ಲ. ಅರ್ಧ ಗಂಟೆ ತಲೆ ಕೆರಕೊಂಡ ಮೇಲೆ ಹೊಳೀತು. ಯೂನಿಕೋಡಲ್ಲಿ 'ಲ್' ಅಂದರೆ ಒಂದು ಲ, ಅದರ ಹಿಂದೆ ಒಂದು ವಿರಾಮ ಚಿಹ್ನೆ, ಎರಡು ಸಂಕೇತ. 'ಲಿ' ಅಂದರೆ ಅದೇ ಲ, ಹಿಂದೆ ವಿರಾಮದ ಬದಲು ಇಕಾರದ ಗುರುತು. ವಿಭಕ್ತಿ ಪ್ರತ್ಯಯ ಸೇರಿದ ತಕ್ಷಣ ಆ ವಿರಾಮ ಹೊರಟುಹೋಗುತ್ತೆ. ನಾನು ಹುಡುಕ್ತಿದ್ದ ಪದ ಆ ಸಾಲಲ್ಲಿ ನಿಜವಾಗಿಯೂ ಇರಲಿಲ್ಲ! ಈಗ ಕೊನೇ ಅಕ್ಷರ ಬಿಟ್ಟು 'ಹಾಸ್ಟೆ' ಅಂತ ಹುಡುಕ್ತೀನಿ. ಎಂಟನೇ ಕ್ಲಾಸಲ್ಲಿ ವಿಭಕ್ತಿ ಬಾಯಿಪಾಠ ಮಾಡಿಸಿದ ಕನ್ನಡ ಮೇಷ್ಟ್ರು ಆ ರಾತ್ರಿ ನೆನಪಾದರು.

ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. 'ರೂಮ್‌ಮೇಟ್' ಅಂತ ಬರೆಯುವಾಗ ಮ ಕೆಳಗೆ ಮ ಒತ್ತಾಗಿ ಕೂರಬಾರದು ಅಂದರೆ ನಡುವೆ ಒಂದು ಅಗಲವಿಲ್ಲದ ಸಂಕೇತ ಹಾಕಬೇಕು. ಒಂದು ಸಾಲಲ್ಲಿ ಅದನ್ನ ಹಾಕಿ ಇನ್ನೊಂದರಲ್ಲಿ ಬಿಟ್ಟರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಟರ್ಮಿನಲಲ್ಲಂತೂ ಒತ್ತಕ್ಷರಗಳು ಕಿತ್ತುಕೊಂಡು ಆ ಕಡೆ ಈ ಕಡೆ ಬಿದ್ದಿರುತ್ತವೆ. ಜಾಗದ ಚಿಂತೆ ಮಾತ್ರ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಹಿಡಿದರೂ, ಎರಡು ವರ್ಷದ ನನ್ನ ಕೆಲಸಗಳೆಲ್ಲ ಸೇರಿ ಒಂದು ವಾಟ್ಸಾಪ್ ಗುಡ್ ಮಾರ್ನಿಂಗ್ ಫೋಟೊದಷ್ಟು ಆಗಿಲ್ಲ.

ನಡುವೆ ಹಳೇ ಚಟ ಒಂದು ಸಲ ಮರುಕಳಿಸಿತು. ಈಮ್ಯಾಕ್ಸಿನ ಆರ್ಗ್ ಮೋಡ್ ಬಗ್ಗೆ ಓದಿದೆ. 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಅನ್ನೋ ಖಗೋಳ ವಿಜ್ಞಾನಿ ತಮ್ಮ ಟಿಪ್ಪಣಿಗಳನ್ನ ಹದ್ದುಬಸ್ತಿಗೆ ತರೋಕೆ ಬರೆದದ್ದಂತೆ. ಅದೂ ಬರೀ ಟೆಕ್ಸ್ಟೇ. ಒಂದು ನಕ್ಷತ್ರ ಹಾಕಿದರೆ ಶೀರ್ಷಿಕೆ, ಎರಡು ಹಾಕಿದರೆ ಅದರೊಳಗಿನ ಉಪಶೀರ್ಷಿಕೆ, ಎಲ್ಲ ಫೈಲಿನ ತಾರೀಖುಗಳನ್ನ ಸೇರಿಸಿ ವಾರದ ಅಜೆಂಡಾ ತಾನೇ ಮಾಡಿಕೊಡುತ್ತೆ. ಅದ್ಭುತ ಸಾಧನ, ದೊಡ್ಡ ರಿಪೋರ್ಟ್ ಬರೆಯೋರು ಖಂಡಿತ ನೋಡಬೇಕು. ಆದರೆ ನಾನೇನು ಮಾಡಿದೆ? ಸೆಮಿಸ್ಟರ್ ರಜದಲ್ಲಿ ಹತ್ತು ದಿನ ಕೂತು ಅದರ ಕಾನ್ಫಿಗ್ ಫೈಲಿಗೆ ಬಣ್ಣ ಹಚ್ಚಿದೆ. ಅಮ್ಮ ಬಂದು ನೋಡಿ, "ಓದ್ತಿದಾನೆ, ಮಾತಾಡಿಸ್ಬೇಡಿ" ಅಂತ ಅಪ್ಪನಿಗೆ ಹೇಳ್ತಿದ್ದರು. ಹನ್ನೊಂದನೇ ದಿನ ನಾಚಿಕೆಯಾಗಿ ಹಳೇ ಫೈಲಿಗೆ ವಾಪಸ್ ಬಂದೆ.

ಪ್ಲೇನ್ ಟೆಕ್ಸ್ಟಿನ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಅದು ಕೂಗಲ್ಲ. ನೋಟಿಫಿಕೇಶನ್ ಇಲ್ಲ. ತೆರೆದು ಓದದಿದ್ದರೆ ಆ 41 ಸಾಲು ಸುಮ್ಮನೆ ಬಿದ್ದಿರುತ್ತವೆ. ಹಾಗಾಗಿ ರಾತ್ರಿ ಮೆಸ್ಸಿಂದ ಬಂದ ಮೇಲೆ ಫೈಲನ್ನ ಮೇಲಿಂದ ಕೆಳಗಿನವರೆಗೆ ಒಂದು ಸಲ ಓದ್ತೀನಿ, ಐದು ನಿಮಿಷ. ನಿಜವಾದ ಗಡುವು ಇರೋದಕ್ಕೆ ಫೋನಲ್ಲಿ ಬೇರೆ ಅಲಾರ್ಮ್ ಇಡ್ತೀನಿ, ಅದೂ ಎರಡು ದಿನ ಮುಂಚೆ. ನಾಲ್ಕು ಜನ ಸೇರಿ ಮಾಡೋ ಪ್ರಾಜೆಕ್ಟಿಗಂತೂ ಇದು ಸಾಲಲ್ಲ. ನಮ್ಮ ಟೀಮಿನವರು ಒಂದು ಶೀಟಲ್ಲೇ ಬರೀತಾರೆ, ನಾನೂ ಅದರಲ್ಲೇ ಬರೆದು, ನನ್ನ ಪಾಲಿನದ್ದನ್ನಷ್ಟೇ ಇಲ್ಲಿಗೆ ಇಳಿಸಿಕೊಳ್ತೀನಿ. ಅವರನ್ನೆಲ್ಲ ಈ ಮತಕ್ಕೆ ಸೇರಿಸೋಕೆ ಹೋಗಿ ಒಂದು ಸಲ ಬೈಸಿಕೊಂಡಾಗಿದೆ.

ಓದಿ ಮುಗಿದ ಮೇಲೆ ದಿನಾ ಗಿಟ್ಟಿಗೆ ಕಮಿಟ್ ಮಾಡ್ತೀನಿ. ಗಿಟ್ಟಲ್ಲಿ 'ಬ್ಲೇಮ್' ಅಂತ ಒಂದು ಕಮಾಂಡ್ ಇದೆ, ನಿಮಗೆ ಗೊತ್ತಿರುತ್ತೆ. ಪ್ರತಿ ಸಾಲನ್ನ ಕೊನೇ ಸಲ ಯಾರು, ಯಾವತ್ತು ಮುಟ್ಟಿದರು ಅಂತ ಪಕ್ಕದಲ್ಲೇ ತೋರಿಸುತ್ತೆ. ಕಳೆದ ವರ್ಷ ಜುಲೈಯಲ್ಲಿ ಸುಮ್ಮನೆ ಅದನ್ನ ಓಡಿಸಿದೆ. ಹೆಚ್ಚಿನ ಸಾಲುಗಳು ಅದೇ ವಾರದ್ದು, ಅದೇ ತಿಂಗಳದ್ದು. ಒಂದು ಮಾತ್ರ 2024ರ ಜನವರಿಯದ್ದು, ಫೈಲ್ ಶುರು ಮಾಡಿದ ದಿನವೇ ಬರೆದದ್ದು. ಗಡುವಿಲ್ಲ, ಎ ಇಲ್ಲ, ಬಿ ಇಲ್ಲ. 'ವಿಮೆ ವಿಷಯ ಅಪ್ಪನಿಗೆ ನಿಜ ಹೇಳು +ಮನೆ'. ಒಂದೂವರೆ ವರ್ಷದಿಂದ ಪ್ರತಿ ರಾತ್ರಿ ಅದನ್ನ ಓದಿ ಮುಂದಿನ ಸಾಲಿಗೆ ಹೋಗಿದ್ದೆ. ಆ್ಯಪಲ್ಲಿ ಇದ್ದಿದ್ದರೆ ಅದರ ಜೊತೆಗೇ ಯಾವತ್ತೋ ಅನ್‌ಇನ್‌ಸ್ಟಾಲ್ ಆಗಿರೋದು.

ಹಾಸ್ಟೆಲ್ ಟೆರೇಸಿಗೆ ಹೋಗಿ ಫೋನ್ ಮಾಡಿದೆ. ಮಳೆ, ಮೋಟಾರು, ಹಸು, ಎಲ್ಲ ವಿಚಾರಿಸಿದ ಮೇಲೆ ಇನ್ನೇನೂ ಉಳಿಯಲಿಲ್ಲ. ಹೇಳಿದೆ. ಸರ್ವರ್ ಡೌನ್ ಇರಲಿಲ್ಲ, ನಾನೇ ಮರೆತದ್ದು ಅಂತ.

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಸರ್ವರ್ ಇರ್ಲಿಲ್ಲ ಅಂದ್ರೆ ಪಕ್ಕದ್ ಹೊಲದೋರ್ದು ಹೆಂಗ್ ಕಟ್ಟಾಯ್ತು ಅಂತ ಆವಾಗ್ಲೇ ಅನ್ಕೊಂಡೆ" ಅಂದರು. ಸಿಟ್ಟಿತ್ತೋ ಇಲ್ಲವೋ ದನಿಯಲ್ಲಿ ಗೊತ್ತಾಗಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

"ಈ ವರ್ಷದ್ದು ಕಟ್ಟಿದೀಯ?"

"ಹ್ಞೂಂ ಅಪ್ಪ. ರಸೀತಿ ಫೋಟೊ ವಾಟ್ಸಾಪಿಗೆ ಕಳ್ಸಿದೀನಿ."

"ಸರಿ. ಹಂಗೇ ಇನ್ನೊಂದ್ ಬರ್ಕೊ. ಅಮ್ಮಂಗೆ ಕಣ್ ತೋರಿಸ್ಬೇಕು, ನೀನ್ ಬಂದಾಗ ಕರ್ಕೊಂಡ್ ಹೋಗು."

ಫೋನ್ ಕಿವಿಯಲ್ಲೇ ಇಟ್ಟುಕೊಂಡು ಕೆಳಗಿಳಿದು ರೂಮಿಗೆ ಬಂದು ಟೈಪ್ ಮಾಡಿದೆ. ಬರಕೊಂಡೆ ಅಂತ ಹೇಳಿದೆ.

"ನಾನೂ ಕ್ಯಾಲೆಂಡರಲ್ಲಿ ಬರ್ದಿರ್ತೀನಿ" ಅಂದು ಇಟ್ಟರು.