ಟಿವಿ ಯಾರಿಗಾಗಿ ಮಾತಾಡುತ್ತದೆ?

ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ಟಿವಿ ತಾನೇ ಮಾತಾಡತೊಡಗುವುದು ಈಗ ಎಷ್ಟೋ ಮನೆಗಳ ಅನುಭವ. ರಿಮೋಟಿನ ಒಂದು ಗುಂಡಿ ಒತ್ತಿದರೆ ‘ಹೋಮ್’ ಎನ್ನುತ್ತದೆ, ಇನ್ನೊಂದು ಒತ್ತಿದರೆ ‘ಸೆಟ್ಟಿಂಗ್ಸ್’ ಎನ್ನುತ್ತದೆ. ವೈರಸ್ ಬಂದಿದೆ ಎಂದು ಒಬ್ಬರು, ರಿಪೇರಿಯವರನ್ನು ಕರೆಸೋಣ ಎಂದು ಮತ್ತೊಬ್ಬರು. ಪ್ಲಗ್ ಕಿತ್ತು ಮತ್ತೆ ಹಾಕಿದರೂ ಅದೇ ದನಿ. ನಿಜವಾಗಿ ಏನೂ ಕೆಟ್ಟಿಲ್ಲ. ಕಣ್ಣು ಕಾಣದವರಿಗಾಗಿ ಒಳಗಿಟ್ಟ ಸೌಲಭ್ಯವೊಂದು ಆನ್ ಆಗಿದೆ, ಅಷ್ಟೇ. ಟಿವಿ ಅದನ್ನು ನೆನಪಿಟ್ಟುಕೊಳ್ಳುವುದರಿಂದ ಕರೆಂಟು ತೆಗೆದರೆ ಹೋಗುವುದಿಲ್ಲ.

ಸ್ಯಾಮ್‌ಸಂಗ್ ಟಿವಿಯಲ್ಲಿ ಇದರ ಹೆಸರು ವಾಯ್ಸ್ ಗೈಡ್, ಎಲ್‌ಜಿಯಲ್ಲಿ ಆಡಿಯೋ ಗೈಡೆನ್ಸ್, ಆಂಡ್ರಾಯ್ಡ್ ಟಿವಿಯಲ್ಲಿ ಟಾಕ್‌ಬ್ಯಾಕ್, ಫೈರ್ ಟಿವಿಯಲ್ಲಿ ವಾಯ್ಸ್‌ವ್ಯೂ. ಹೆಸರು ಯಾವುದಾದರೂ ಇರಲಿ, ಸೆಟ್ಟಿಂಗ್ಸ್ ಒಳಗಿನ ಆಕ್ಸೆಸಿಬಿಲಿಟಿ ಎಂಬ ಭಾಗದಲ್ಲಿ ಹುಡುಕಿದರೆ ಸಿಗುತ್ತದೆ; ಅಲ್ಲೇ ಆಫ್ ಮಾಡಬಹುದು. ಫೈರ್ ಟಿವಿಯ ರಿಮೋಟಿನಲ್ಲಿ ಬ್ಯಾಕ್ ಮತ್ತು ಮೆನು ಗುಂಡಿಗಳನ್ನು ಒಟ್ಟಿಗೆ 2 ಸೆಕೆಂಡು ಒತ್ತಿಹಿಡಿದರೂ ಸಾಕು. ಕಣ್ಣು ಕಾಣದವರು ಯಾರ ನೆರವೂ ಇಲ್ಲದೆ ಇದನ್ನು ಆನ್ ಮಾಡಿಕೊಳ್ಳಲೆಂದೇ ದಾರಿಯನ್ನು ಇಷ್ಟು ಸುಲಭ ಮಾಡಿರುವುದು. ಮಗು ರಿಮೋಟು ಹಿಡಿದು ಆಡುವಾಗ ಅದು ಆನ್ ಆಗಿಬಿಡುವುದೂ ಇದೇ ಕಾರಣಕ್ಕೆ.

ಇನ್ನೊಂದು ಬಗೆಯ ದನಿಯಿದೆ. ಅದು ಗುಂಡಿಗಳನ್ನು ಓದುವುದಿಲ್ಲ. ಸಿನಿಮಾದ ಸಂಭಾಷಣೆಗಳ ನಡುವೆ ‘ಅವಳು ಕಿಟಕಿ ತೆರೆದಳು, ಅವನು ತಲೆ ತಗ್ಗಿಸಿದ’ ಎಂದು ದೃಶ್ಯವನ್ನು ಹೇಳುತ್ತದೆ. ಇದು ಆಡಿಯೋ ಡಿಸ್ಕ್ರಿಪ್ಷನ್. ಸಿನಿಮಾ ಆ್ಯಪ್‌ನಲ್ಲಿ ನೋಡುತ್ತಿದ್ದರೆ ಟಿವಿಯ ಸೆಟ್ಟಿಂಗ್ಸ್ ತಡಕಿ ಪ್ರಯೋಜನವಿಲ್ಲ. ಆ ಆ್ಯಪ್‌ನಲ್ಲೇ ಆಡಿಯೋ ಮತ್ತು ಸಬ್‌ಟೈಟಲ್ ಆಯ್ಕೆಗೆ ಹೋಗಿ, ಡಿಸ್ಕ್ರಿಪ್ಷನ್ ಎಂದು ಬರೆದಿರದ ಭಾಷೆಯನ್ನು ಆರಿಸಬೇಕು. ಯಾವ ದನಿ ಎಂದು ಮೊದಲು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ನಮಗೆ ಬೇಡವಾದ ಈ ದನಿಯ ಬೆಲೆ ನನಗೆ ತಿಳಿದದ್ದು ದೊಡ್ಡಪ್ಪನ ಮನೆಯಲ್ಲಿ. ಗ್ಲಾಕೋಮಾದಿಂದ ಅವರ ದೃಷ್ಟಿ ಹೋದ ಮೇಲೂ ಸಂಜೆ ಟಿವಿ ಮುಂದೆ ಕೂರುವುದು ತಪ್ಪಲಿಲ್ಲ. ಮಾತು ನಿಂತು ಬರೀ ಸಂಗೀತ ಕೇಳಿಸಿದಾಗ ‘ಈಗೇನಾಯ್ತೇ?’ ಎನ್ನುತ್ತಿದ್ದರು. ದೊಡ್ಡಮ್ಮ ಹೂ ಕಟ್ಟುತ್ತಲೇ, ‘ಸೊಸೆ ಕಾಗದ ಓದ್ತಿದಾಳೆ ಕಣ್ರೀ, ಅತ್ತೆ ಬಾಗಿಲ ಹಿಂದೆ ನಿಂತು ನೋಡ್ತಿದಾಳೆ’ ಎನ್ನುತ್ತಿದ್ದರು. ಮೈಸೂರು ಆಕಾಶವಾಣಿಯ ದಸರಾ ವೀಕ್ಷಕ ವಿವರಣೆ ಕೇಳಿ ಜಂಬೂಸವಾರಿಯನ್ನು ಮನಸ್ಸಿನಲ್ಲೇ ಕಂಡ ಪೀಳಿಗೆ ಅವರದು. ಎಷ್ಟು ಹೇಳಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದು ದೊಡ್ಡಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ಅಡುಗೆಮನೆಗೆ ಎದ್ದುಹೋದರೆ ದೊಡ್ಡಪ್ಪನಿಗೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಚಾನೆಲ್ ಬದಲಿಸಲೂ ಇನ್ನೊಬ್ಬರನ್ನು ಕರೆಯಬೇಕಿತ್ತು. ಮೆನು ಓದುವ ದನಿಯನ್ನು ಆನ್ ಮಾಡಿಕೊಟ್ಟ ಮೇಲೆ ರಿಮೋಟು ಮತ್ತೆ ಅವರ ಕೈಗೆ ಬಂತು. ಮನೆಯಲ್ಲಿ ಯಾರಿಗೂ ಹೊರೆಯಾಗಿಲ್ಲ ಎಂಬ ನೆಮ್ಮದಿ ವಯಸ್ಸಾದವರಿಗೆ ಸಣ್ಣದಲ್ಲ.

ಆದರೆ ಮೆನು ಓದುವ ದನಿ ಕತೆ ಹೇಳುವುದಿಲ್ಲ. ಕತೆಯ ದೃಶ್ಯವನ್ನು ಕನ್ನಡದಲ್ಲಿ ಹೇಳುವ ದನಿ ಇಂದಿಗೂ ಅಪರೂಪ. ಇದು ಯಾರೋ ಕರುಣೆಯಿಂದ ಕೊಡಬೇಕಾದದ್ದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿ ಇಂಥ ವಿವರಣೆ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. 2023ರ ಜನವರಿಯಲ್ಲಿ ‘ಪಠಾಣ್’ ಚಿತ್ರದ ಒಟಿಟಿ ಬಿಡುಗಡೆಗೆ ಹಿಂದಿಯಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಸಿದ್ಧಪಡಿಸುವಂತೆ ದೆಹಲಿ ಹೈಕೋರ್ಟ್ ಸೂಚಿಸಿತು. ಕೋರ್ಟಿಗೆ ಹೋದವರು ಅಂಗವೈಕಲ್ಯವುಳ್ಳ ಪ್ರೇಕ್ಷಕರೇ. ನೆಟ್‌ಫ್ಲಿಕ್ಸ್ 2015ರಲ್ಲಿ ಮೊದಲು ಈ ವಿವರಣೆ ಕೊಟ್ಟದ್ದು ‘ಡೇರ್‌ಡೆವಿಲ್’ ಸರಣಿಗೆ. ಅದರ ನಾಯಕನೇ ಒಬ್ಬ ಅಂಧ ವಕೀಲ. ಆ ಕತೆ ಅಂಧರಿಗೇ ದಕ್ಕುವುದಿಲ್ಲವಲ್ಲ ಎಂದು ಪ್ರೇಕ್ಷಕರು ದನಿಯೆತ್ತಿದ್ದರು. ಕೇಳಿದವರಿಗೆ ಸಿಕ್ಕಿದೆ, ಕನ್ನಡಿಗರೂ ಕೇಳಬೇಕು.

ನಿಮ್ಮ ಮನೆಗೆ ಬೇಡವಾದರೆ ಆ ದನಿಯನ್ನು ಸಂಕೋಚವಿಲ್ಲದೆ ಆಫ್ ಮಾಡಿ. ಆದರೆ ಆನ್ ಮಾಡುವುದನ್ನೂ ಕಲಿತಿಟ್ಟುಕೊಳ್ಳಿ. ಬಂಧುಬಳಗದಲ್ಲಿ, ನೆರೆಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಒಂದು ಸಂಜೆ ಹೋಗಿ ಅವರ ಟಿವಿಯಲ್ಲಿ ಆ ಆಯ್ಕೆ ಹುಡುಕಿಕೊಡಿ, ಗುಂಡಿಗಳ ಮೇಲೆ ಅವರ ಬೆರಳಿಟ್ಟು ತೋರಿಸಿಕೊಡಿ. ಕನ್ನಡ ಸಿನಿಮಾ ಮಾಡುವವರಿಗೂ ತೋರಿಸುವವರಿಗೂ ಒಂದು ಕಾಗದ ಬರೆದು, ಈ ವಿವರಣೆ ನಮ್ಮ ಭಾಷೆಯಲ್ಲೂ ಬೇಕೆಂದು ಕೇಳಿ.